ಹವಳಕ್ಕೆ ಸುಣ್ಣ, ನನಗೆ ಕ್ಷಮೆ

ಮಾವಾ,

ಹರಿಹರದಿಂದ ನಿಮ್ಮ ತಂಗಿಯ ಮಗಳು ಶೈಲಜಾ ಬರೆಯುತ್ತಿದ್ದೇನೆ. ಹೆಸರು ಹಾಕದಿದ್ದರೂ ನಿಮಗೆ ಗೊತ್ತಾಗುತ್ತಿತ್ತು. ಅಕ್ಷರ ನೋಡಿದ ಕೂಡಲೇ "ಕೋಳಿ ಕೆದರಿದಂಗೆ ಬರದಾಳೆ ನೋಡು" ಅಂತ ಅತ್ತೆಗೆ ತೋರಿಸುತ್ತಿದ್ದಿರಿ. ನೀವು ಹೋಗಿ ವರ್ಷವಾಯಿತು. ಹೋದವರಿಗೆ ಬರೆಯುವಾಗ ಮೊದಲು ಕ್ಷೇಮ ಕೇಳಬೇಕೋ ಏನೋ ನನಗೆ ತಿಳಿಯದು. ಕೇಳುವ ಮನಸ್ಸೂ ಇಲ್ಲ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮೈಯೆಲ್ಲ ಸಿಟ್ಟಿದೆ. ಅದನ್ನು ಹೇಳಿಕೊಳ್ಳೋಣವೆಂದರೆ ಅವ್ವ "ಸತ್ತೋರ ಮ್ಯಾಲೆ ಎಂಥಾ ಸಿಟ್ಟೇ" ಅಂತ ಬಾಯಿ ಮುಚ್ಚಿಸುತ್ತಾಳೆ. ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ದಾವಣಗೆರೆ ಜಿಲ್ಲೆಯಾದ ವರ್ಷ ಆ ಗಾಜಿನ ತೊಟ್ಟಿ ನಿಮ್ಮ ಮನೆಗೆ ಬಂದ ದಿನ ನೆನಪಿದೆಯಾ? ಅರಳೆ ವ್ಯಾಪಾರಕ್ಕೆಂದು ಬಾಂಬೆಗೆ ಹೋದವರು ಯಾರದೋ ಮನೆಯಲ್ಲಿ ಅಂಥದ್ದೊಂದನ್ನು ನೋಡಿ ಬಂದು, ಹದಿನೈದು ದಿನ ಊಟದ ಮುಂದೆಯೂ ಅದರದೇ ಮಾತಾಡಿದಿರಿ. ಕೊನೆಗೆ ತರಿಸಿಯೇ ಬಿಟ್ಟಿರಿ. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ಆ ಮನೆಯ ಹಾಲಿನಲ್ಲಿ ಸೋಫಾ ಇದ್ದ ಜಾಗಕ್ಕೆ ತೊಟ್ಟಿ ಬಂತು, ಸೋಫಾ ವೆರಾಂಡಾಕ್ಕೆ ಹೋಯಿತು. ಚೀಲದ ಉಪ್ಪು ಕಲಸಿ ಮಾಡಿದ ಸಮುದ್ರದ ನೀರು, ಕಲ್ಲಿಗೆ ಕಚ್ಚಿಕೊಂಡ ಏಳೆಂಟು ಹವಳ, ಎರಡು ಪಟ್ಟೆ ಮೀನು. ನೋಡಲು ಬಂದ ಪಕ್ಕದ ಮನೆಯವರು "ಹವಳ ಅಂದ್ರೆ ಉಂಗುರದಾಗೆ ಇರೋದಲ್ಲೇನ್ರಿ? ಇದಕ್ಕೆ ಜೀವ ಐತೆ ಅಂತೀರಲ್ಲ!" ಎಂದು ಬಾಯಿ ಬಿಟ್ಟರು. ನೀವು ಎದೆಯುಬ್ಬಿಸಿ, "ಜನ ಸಮುದ್ರ ನೋಡಾಕೆ ಹೋಗ್ತಾರೆ, ನಾನು ಅದನ್ನ ಮನಿಗೇ ಕರಕಂಬಂದೀನಿ" ಅಂದಿರಿ. ಅತ್ತೆ ಒಳಗಿನಿಂದ "ಅದಕ್ಕೂ ಒಂದು ಕಪ್ ಚಾ ಮಾಡ್ಲೇನು?" ಎಂದು ಕೇಳಿದ್ದಕ್ಕೆ ಎಲ್ಲರೂ ನಕ್ಕಿದ್ದೆವು.

ಆ ಹವಳಕ್ಕೆ ಸುಣ್ಣ ಬೇಕು ಎಂದು ನೀವು ಓದಿಕೊಂಡು ಬಂದ ಭಾನುವಾರವೇ ನನ್ನನ್ನು ಕರೆಸಿದ್ದು. ಹವಳ ತನ್ನ ಕಲ್ಲಿನಂಥ ಮೈಯನ್ನು ತಾನೇ ಕಟ್ಟಿಕೊಳ್ಳುತ್ತದೆ, ಅದಕ್ಕೆ ನೀರಿನಲ್ಲಿರುವ ಕ್ಯಾಲ್ಸಿಯಂ ಹೀರುತ್ತದೆ. ಸಮುದ್ರದಲ್ಲಿ ಎಷ್ಟು ಹೀರಿದರೂ ಮುಗಿಯದು. ತೊಟ್ಟಿಯಲ್ಲಿ ಹಾಗಲ್ಲ, ಹೀರಿದಷ್ಟನ್ನು ನಾವೇ ತುಂಬಿಕೊಡಬೇಕು. ನೀವು ಎಲೆಯಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ಎತ್ತಿ, "ಇದನ್ನೇ ಕದಡಿ ಹಾಕಿದ್ರಾತಲ್ಲ, ಅದ್ಯಾಕ ಅಷ್ಟು ತಲಿ ಕೆಡಿಸ್ಕಂತೀ" ಅಂದಿರಿ. ನಾನು ಡಬ್ಬಿ ಕಸಿದುಕೊಂಡೆ. ನಾನು ಕೆಲಸ ಮಾಡುವ ಲ್ಯಾಬಿನಿಂದ ಶುದ್ಧ ಸುಣ್ಣದ ಪುಡಿ ತಂದು, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರಿನಲ್ಲಿ ಕಲಸಿ, ಕ್ಯಾನನ್ನು ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ಮೇಲೆ ನಿಂತ ತಿಳಿಯನ್ನು ಮಾತ್ರ ತೆಗೆಯುವುದನ್ನು ಕಲಿಸಿದೆ. ತೊಟ್ಟಿಯಿಂದ ಆವಿಯಾಗಿ ಹೋದ ನೀರಿನ ಬದಲಿಗೆ ದಿನಾ ಈ ತಿಳಿಯನ್ನೇ ಬಿಡಬೇಕು. ಒಮ್ಮೆಲೇ ಸುರಿದರೆ ನೀರಿನ ಕ್ಷಾರ ಏರಿ ಎಲ್ಲ ಸಾಯುತ್ತವೆ, ಹನಿಹನಿಯಾಗಿಯೇ ಬೀಳಬೇಕು. ಅದಕ್ಕೆ ಆಸ್ಪತ್ರೆಯ ಗ್ಲೂಕೋಸ್ ನಳಿಕೆಯನ್ನು ಗೋಡೆಯ ಮೊಳೆಗೆ ತೂಗುಹಾಕಿದೆವು. "ಹವಳಕ್ಕೆ ಸಲೈನ್ ಹಚ್ಚೀವಿ" ಅಂತ ನೀವು ಬಂದವರಿಗೆಲ್ಲ ತೋರಿಸುತ್ತಿದ್ದಿರಿ. ಆಗ ನನ್ನ ಮಾತು ಕೇಳುತ್ತಿದ್ದಿರಿ ಮಾವ.

ಪ್ರತಿ ಸೋಮವಾರ ನಾನು ತೊಟ್ಟಿಯ ನೀರನ್ನು ಬಾಟಲಿಯಲ್ಲಿ ಲ್ಯಾಬಿಗೆ ಒಯ್ಯುತ್ತಿದ್ದೆ. ನೀರು, ಮಣ್ಣು ಪರೀಕ್ಷೆ ಮಾಡುವ ಆ ಲ್ಯಾಬಿನಲ್ಲಿ ನನಗೆ ಕೆಲಸ ಕೊಡಿಸಿದವರೂ ನೀವೇ. ಮಾಲೀಕ ರುದ್ರಪ್ಪನವರು ನಿಮ್ಮ ಸ್ನೇಹಿತರು. ಊಟದ ಬಿಡುವಿನಲ್ಲಿ ನಾನು ಹನಿ ಅಳೆಯುವ ಗಾಜಿನ ಕೊಳವೆ, ಆ ಬ್ಯೂರೆಟ್ಟಿನ ಮುಂದೆ ನಿಂತು, ಗುಲಾಬಿ ಬಣ್ಣದ ನೀರು ಒಂದೇ ಒಂದು ಹನಿಗೆ ನೇರಳೆಗೆ ತಿರುಗುವುದನ್ನು ಕಾಯುತ್ತಿದ್ದೆ. ಆ ಒಂದು ಹನಿ ಹೆಚ್ಚು ಬಿದ್ದರೆ ಲೆಕ್ಕ ತಪ್ಪು, ಕಡಿಮೆಯಾದರೂ ತಪ್ಪು. ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಲೆಕ್ಕ: ನಾನೂರ ಹತ್ತು, ನಾನೂರ ಇಪ್ಪತ್ತು, ಮತ್ತೆ ನಾನೂರ ಹತ್ತು. ಫೋನಿನಲ್ಲಿ ಹೇಳಿದರೆ ನೀವು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಿರಿ. ಒಮ್ಮೆ ರುದ್ರಪ್ಪನವರ ಎದುರಿಗೇ "ನಮ್ಮ ಶೈಲಿ ಕೈ ಅಂದ್ರೆ ತಕ್ಕಡಿ ಇದ್ದಂಗೆ ನೋಡ್ರಿ" ಅಂದಿರಿ. ಓದಿನಲ್ಲಿ ಯಾವಾಗಲೂ ನಡುವಿನ ಬೆಂಚಿನವಳು ನಾನು. ನನ್ನ ಬಗ್ಗೆ ಅಂಥ ಮಾತನ್ನು ಯಾರೂ ಆಡಿರಲಿಲ್ಲ. ಅವತ್ತು ಹರಿಹರದ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ, ಕಾಲು ನೋಯಲೇ ಇಲ್ಲ.

ಮರುವರ್ಷದ ಬೇಸಿಗೆಯಲ್ಲಿ ಹವಳಗಳು ಮುದುಡಲು ಶುರುವಾದವು. ಬೆರಳು ಚಾಚಿದ ಹಾಗೆ ಅರಳುತ್ತಿದ್ದಂಥವು ಒಂದೊಂದಾಗಿ ಒಳಗೆ ಸರಿದುಕೊಂಡವು. ಮೀನುಗಳು ಮಾತ್ರ ಏನೂ ಆಗದವರ ಹಾಗೆ ಓಡಾಡಿಕೊಂಡಿದ್ದವು. ನೀವು ಗಾಬರಿಯಾಗಿ, ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದು ತೀರ್ಮಾನ ಮಾಡಿ, ಸುಣ್ಣದ ತಿಳಿಯನ್ನು ಜಾಸ್ತಿ ಬಿಡಲು ಹತ್ತಿದಿರಿ. ಬಿಸಿಲಿಗೆ ತೊಟ್ಟಿಯ ನೀರೂ ಬೇಗ ಬೇಗ ಇಂಗುತ್ತಿತ್ತು, ನಳಿಕೆ ಬಿಡುವಿಲ್ಲದೆ ತೊಟ್ಟಿಕ್ಕುತ್ತಿತ್ತು. ನಾನು ಪರೀಕ್ಷೆ ಮಾಡಿದರೆ ನಾನೂರ ಅರವತ್ತು.

"ಮಾವ, ಕ್ಯಾಲ್ಸಿಯಂ ಕಡಿಮೆ ಆಗಿಲ್ಲ. ಹೆಚ್ಚೇ ಐತೆ" ಅಂದೆ.

"ಹೆಚ್ಚೈತೆ ಅಂದ್ರೆ ಇವ್ಯಾಕ ಸಾಯ್ತಾವೆ? ನಿನ್ನ ಲೆಕ್ಕ ತಪ್ಪೈತೆ."

"ಅವು ತಿಂತಾ ಇಲ್ಲ ಮಾವ, ಅದಕ್ಕೇ ಉಳೀತೈತೆ. ಮನಿಯೋರಿಗೆ ಜ್ವರ ಬಂದಾಗ ಬುಟ್ಟಿಯಾಗೆ ರೊಟ್ಟಿ ಉಳಿಯಲ್ಲೇನು? ಹಂಗೆ. ಬ್ಯಾರೆ ಏನೋ ಆಗೈತೆ, ಸುಣ್ಣ ನಿಲ್ಲಿಸಿ ನೋಡಾಣ."

"ನನಗೆ ರೊಟ್ಟಿ ಪಾಠ ಹೇಳಬ್ಯಾಡ" ಅಂದಿರಿ.

ನೀವು ಕೇಳಲಿಲ್ಲ. ನಾನು ಒಂದೇ ವಾರದಲ್ಲಿ ಮೂರು ಸಲ ಪರೀಕ್ಷೆ ಮಾಡಿದೆ, ಮೂರು ಸಲವೂ ಅದೇ ಬಂತು. ಮುಂದಿನ ವಾರ ನೀವೇ ಲ್ಯಾಬಿಗೆ ಬಂದಿರಿ. ಒಳಗೆ ನಾಲ್ಕು ಜನ ಕೆಲಸದವರಿದ್ದರು, ಹೊರಗೆ ಬೋರ್‌ವೆಲ್ ನೀರು ತಂದ ರೈತರು ಕೂತಿದ್ದರು. ನೀವು ದನಿ ತಗ್ಗಿಸಲೂ ಇಲ್ಲ. "ರುದ್ರಪ್ಪಾರೇ, ಈ ಹುಡುಗಿ ಕೈಗೆ ಬ್ಯೂರೆಟ್ ಕೊಡಬ್ಯಾಡ್ರಿ. ತಪ್ಪು ಲೆಕ್ಕ ಕೊಟ್ಟು ನನ್ನ ಮನಿ ಹವಳ ಎಲ್ಲಾ ಸಾಯಿಸಿದ್ಲು. ನಾಳೆ ಯಾರ ಮನಿ ಕುಡಿಯೋ ನೀರಿಗೆ ಏನು ಬರದುಕೊಡ್ತಾಳೋ!" ಸ್ವಂತ ಸೋದರಮಾವನೇ ಹಾಗಂದ ಮೇಲೆ ಅವರಾದರೂ ಏನು ಮಾಡಿಯಾರು? ಮಾರನೆಯ ದಿನದಿಂದ ನಾನು ಮುಂದಿನ ಕೌಂಟರಿಗೆ ಬಂದೆ. ಬಂದ ಬಾಟಲಿಗೆ ಚೀಟಿ ಅಂಟಿಸುವುದು, ಹೆಸರು ಊರು ಬರೆದುಕೊಳ್ಳುವುದು. ಸಾರಥಿ ಎಂಬ ಹಳ್ಳಿಯಿಂದ ಬಂದ ಒಬ್ಬ ಯಜಮಾನರು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಹೊಸಾ ಬೋರಿಂದು ಕಣವ್ವಾ, ಮಕ್ಳು ಕುಡೀಬಹುದಾ ನೀನೇ ನೋಡಿ ಹೇಳು" ಅಂದರು. ನಾನು "ಒಳಗಿನೋರು ನೋಡ್ತಾರ್ರಿ" ಅಂದೆ. ಒಂದೂವರೆ ವರ್ಷ ಅದನ್ನೇ ಹೇಳಿದ್ದೇನೆ ಮಾವ. ಒಳಗಿನೋರು ನೋಡ್ತಾರ್ರಿ.

ಆದರೂ ಅಷ್ಟನ್ನು ನಾನು ನುಂಗಿಕೊಂಡಿದ್ದೆ. ಜೀವದಷ್ಟು ಹಚ್ಚಿಕೊಂಡದ್ದು ಕೈಬಿಟ್ಟು ಹೋಗುವಾಗ ಮನುಷ್ಯ ಏನೋ ಅಂದುಬಿಡುತ್ತಾನೆ, ತಣ್ಣಗಾದ ಮೇಲೆ ತಾನೇ ಸರಿಹೋಗುತ್ತಾನೆ ಎಂದುಕೊಂಡೆ. ನುಂಗಲಾಗದ್ದು ಆ ಮೇಲಿನದು. ನಿಮಗೆ ಎದೆನೋವು ಬಂದು, ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ, ನೀವು ನನ್ನನ್ನು ನೋಡಬೇಕು ಅಂದಿರಂತೆ. ಅವ್ವ, ನಾನು ಓಡಿ ಬಂದೆವು. ನಡು ಮಧ್ಯಾಹ್ನ. ಮಂಚದ ಸುತ್ತ ಬಂಧುಬಳಗವೆಲ್ಲ ಕೂತಿತ್ತು, ರುದ್ರಪ್ಪನವರೂ ಇದ್ದರು. ನೀವು ನನ್ನ ಕೈ ಹಿಡಿದುಕೊಂಡಿರಿ. ಇವಾಗ ಹೇಳುತ್ತೀರಿ, ಇವಾಗ "ತಪ್ಪಾತವ್ವ" ಅನ್ನುತ್ತೀರಿ ಅಂತ ನಾನು ಮಂಚಕ್ಕೆ ಇನ್ನಷ್ಟು ಹತ್ತಿರ ಸರಿದೆ. ನೀವು ಅಂದದ್ದೇನು?

"ಶೈಲೀ, ಆಗಿದ್ದು ಆಗಿಹೋತು. ನೀನು ಬೇಕಂತ ಮಾಡಿಲ್ಲ. ನಾನು ಮನಸಿನಾಗೆ ಇಟ್ಕಂಡಿಲ್ಲವ್ವ. ಕ್ಷಮಿಸಿಬಿಟ್ಟೀನಿ."

ಸುತ್ತ ಕೂತವರು ಕಣ್ಣೊರೆಸಿಕೊಂಡರು. "ಎಂಥಾ ದೊಡ್ಡ ಮನಸ್ಸು!" ಎಂದು ನಿಮ್ಮ ದೊಡ್ಡಮ್ಮ ಅಂದರು. ಅವ್ವ ನನ್ನ ಬೆನ್ನಿಗೆ ತಿವಿದಳು. ನಾನು ಏನು ಮಾಡಬೇಕಿತ್ತು? ಸಾಯುವವರ ಎದುರು ನಿಂತು ನನ್ನ ನಾನೂರ ಅರವತ್ತರ ಲೆಕ್ಕ ಒಪ್ಪಿಸಬೇಕಿತ್ತೇ? ಬಗ್ಗಿ ಕಾಲು ಮುಟ್ಟಿದೆ. ಮಾಡದ ತಪ್ಪಿಗೆ ಕ್ಷಮೆ ಪಡೆದೆ. ಬೈದಿದ್ದರೆ ಜನ ಎರಡು ದಿನಕ್ಕೆ ಮರೆಯುತ್ತಿದ್ದರು, "ಮಾವಂಗೆ ಮುಂಗೋಪ" ಅನ್ನುತ್ತಿದ್ದರು. ನೀವು ಕ್ಷಮಿಸಿದ್ದರಿಂದ ಅದು ಗಟ್ಟಿಯಾಯಿತು. ತಪ್ಪು ಮಾಡದವಳನ್ನು ಯಾರಾದರೂ ಕ್ಷಮಿಸುತ್ತಾರೆಯೇ? ಮೂರನೆಯ ದಿನ ನೀವು ಹೋದಿರಿ. ನಾನು ಅತ್ತದ್ದು ಯಾತಕ್ಕೆ ಎಂದು ನನಗೇ ಗೊತ್ತಿಲ್ಲ.

ಕಳೆದ ತಿಂಗಳು ಅತ್ತೆ ಫೋನು ಮಾಡಿ, "ಆ ತೊಟ್ಟಿ ನೋಡಾಕಾಗ್ತಿಲ್ಲ ಕಣವ್ವ, ಬಂದು ಖಾಲಿ ಮಾಡಿಕೊಡು" ಅಂದರು. ಪಂಪು ನಿಂತು ಎಷ್ಟೋ ತಿಂಗಳಾಗಿತ್ತು. ಮೀನು ಯಾವಾಗಲೋ ಹೋಗಿದ್ದವು. ತಳದಲ್ಲಿ ಉಳಿದಿದ್ದ ನೀರನ್ನು ಬಕೆಟ್ಟಿಗೆ ಎತ್ತುತ್ತಿದ್ದೆ, ಅತ್ತೆ ಬಾಗಿಲಲ್ಲಿ ಕೂತು ಮಾತಾಡುತ್ತಿದ್ದರು.

"ನಿಮ್ಮ ಮಾವಂಗೆ ಇದರ ಮ್ಯಾಲೆ ಎಷ್ಟು ಜೀವ ಅಂತೀಯಾ! ಆ ಬ್ಯಾಸಿಗಿ ಶುರುವಾದಾಗ, ಬ್ಯಾಟರಿ ಅಂಗಡಿಯೋರು ಆಸಿಡ್ ಕ್ಯಾನಿನಾಗೇ ನೀರು ತುಂಬಿ ಕೊಡ್ತಾರೆ, ಅದು ಬ್ಯಾಡ ಅಂದ್ರು. ನಿಮ್ಮಜ್ಜಿ ಹಂಡೆ ಐತಲ್ಲ, ಅದನ್ನ ಅಟ್ಟದಿಂದ ಇಳಿಸಿದ್ರು. ತಾಮ್ರದ ನೀರಿನಷ್ಟು ಶುದ್ಧ ಯಾವುದೈತೆ ಅಂದ್ರು. ನಾನು ದಿನಾ ಹುಣಸೆಹಣ್ಣು ಹಚ್ಚಿ ಬೆಳಗಿ, ಅದರಾಗೇ ನೀರು ಕಾಯಿಸಿ ಆರಿಸಿ ಕೊಡ್ತಿದ್ದೆ. ಅದಕ್ಕೇ ಸುಣ್ಣ ಕಲಸೋರು."

ನನ್ನ ಕೈಯಿಂದ ಬಕೆಟ್ಟು ಜಾರಿತು. ಹಾಲಿನ ತುಂಬ ಹೊಲಸು ಉಪ್ಪುನೀರು. ತಾಮ್ರ ಮಾವ! ಮನುಷ್ಯರಿಗೆ ಒಳ್ಳೆಯದೇ ಇರಬಹುದು, ಮೀನೂ ಅಷ್ಟಿಷ್ಟು ತಡೆದೀತು. ಹವಳಕ್ಕೆ ಅದು ವಿಷ, ಕಣ್ಣಿಗೆ ಕಾಣದಷ್ಟಿದ್ದರೂ ವಿಷ. ಅದೂ ದಿನಾ ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಸದಾಗಿ ಬೆಳಗಿದ ಹಂಡೆ. ಹವಳ ಮುದುಡಿದಷ್ಟೂ ನೀವು ಸುಣ್ಣದ ತಿಳಿ ಬಿಟ್ಟಿರಿ, ಬಿಟ್ಟಷ್ಟೂ ತಾಮ್ರ ಒಳಗೆ ಹೋಯಿತು. ನೀರು ಇಂಗಿದರೂ ತಾಮ್ರ ಇಂಗುವುದಿಲ್ಲ, ಅಲ್ಲೇ ಕೂರುತ್ತದೆ. ನೀವು ಅವಕ್ಕೆ ಔಷಧ ಅಂತ ಕೊಟ್ಟದ್ದೇ ಅವನ್ನು ಕೊಂದದ್ದು. ನನಗೆ ಒಂದೇ ಒಂದು ಸಲ "ನೀರು ಬದಲಾಯಿಸೀನಿ" ಅಂತ ಹೇಳಿದ್ದರೆ...

ನಾನು ಸುಮ್ಮನೆ ನಂಬುವವಳಲ್ಲ, ನಿಮಗೆ ಗೊತ್ತು. ಅದೇ ಹಂಡೆಯನ್ನು ಅತ್ತೆಯ ಕೈಯಲ್ಲೇ ಬೆಳಗಿಸಿ, ನೀರು ಕಾಯಿಸಿ, ಆರಿಸಿ, ಬಾಟಲಿ ತುಂಬಿಕೊಂಡು ಹೋದೆ. ಲ್ಯಾಬಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ, ಒಂದೂವರೆ ವರ್ಷದ ಮೇಲೆ, ಕಳ್ಳಿಯ ಹಾಗೆ ಒಳಗೆ ಹೋಗಿ ಪರೀಕ್ಷೆ ಮಾಡಿದೆ. ಪರೀಕ್ಷೆಯ ದ್ರಾವಣ ಬೆರೆಸಿದಾಗ ತಾಮ್ರವಿದ್ದರೆ ನೀರು ಹಳದಿಯಾಗಬೇಕು. ಹಂಡೆಯ ನೀರು ಹಳದಿಯಾಯಿತು, ಹೋಲಿಸಲು ಇಟ್ಟ ನಲ್ಲಿಯ ನೀರು ತಿಳಿಯಾಗಿಯೇ ಉಳಿಯಿತು. ಬಾಗಿಲು ತೆರೆದು ನಿಮ್ಮ ಹೆಸರು ಕೂಗಿ ಹೇಳಬೇಕೆನಿಸಿತು. ನಿಮಗೆ ಗೊತ್ತಿರಲಿಲ್ಲ, ಪಾಪ, ಗೊತ್ತಿಲ್ಲದೆಯೇ ಹೋದಿರಿ ಎಂದು ಆ ಹೊತ್ತಿಗೆ ನಿಮ್ಮ ಮೇಲೆ ಕನಿಕರವೂ ಬಂತು.

ಆ ಕನಿಕರ ಎರಡೇ ದಿನ ಬಾಳಿತು. ಅತ್ತೆಗೆ ವಿಷಯ ಮೆಲ್ಲಗೆ ಬಿಡಿಸಿ ಹೇಳಲು ಹೋದೆ. ಹಂಡೆ ಬೆಳಗಿದವರು ಅವರೇ ಅಲ್ಲವೇ, ನೊಂದಾರು ಎಂದು ಹೆದರಿದ್ದೆ. ಅವರು ಅಳಲಿಲ್ಲ. "ಅದಕ್ಕೇ ಏನು ಅವರು ನಿಲ್ಸಿದ್ದು?" ಅಂದರು.

"ಏನು ನಿಲ್ಸಿದ್ದು ಅತ್ತೆ?"

"ಹಂಡೆ. ಅವರಿಗೆ ಎದೆನೋವು ಬರೋಕೆ ಎರಡು ತಿಂಗಳ ಮುಂಚೆ ಬಾಂಬೆಯಿಂದ ಒಂದು ಕಾಗದ ಬಂತು. ಓದಿ ಮಡಚಿಟ್ರು. ನಾಳೆಯಿಂದ ಹಂಡೆ ನೀರು ಬ್ಯಾಡ, ಅಂಗಡಿಯಿಂದನೇ ತರ್ತೀನಿ ಅಂದ್ರು. ನನಗೆ ಬೆನ್ನುನೋವು ಅಂತ ನಿಲ್ಸಿದ್ರೇನೋ ಅಂದ್ಕಂಡೆ. ತೊಟ್ಟಿ ನೀರನ್ನೂ ಬದಲಿಸಿದ್ರು, ಆಮ್ಯಾಲೆ ಒಂದು ಹವಳ ಅರಳಿತ್ತು ಕಣೇ ಶೈಲೀ. ಉಳಿದಿದ್ದು ಒಂದೇ, ಕಾಸಿನಗಲ. ಕುರ್ಚಿ ಹಾಕ್ಕಂಡು ದಿನಾ ಅದನ್ನೇ ನೋಡ್ತಿದ್ರು."

ಕಾಗದ ನಿಮ್ಮ ನೋಟ್‌ಬುಕ್ಕಿನಲ್ಲೇ ಇತ್ತು, ನನ್ನ ಅಂಕಿಗಳ ಪುಟದ ನಡುವೆ ಮಡಚಿ ಇಟ್ಟಿದ್ದಿರಿ. ನಿಮಗೆ ಹವಳ ಕೊಟ್ಟ ಅಂಗಡಿಯವನು ಬರೆದದ್ದು. ನಿಮ್ಮ ಕ್ಯಾಲ್ಸಿಯಂ ಲೆಕ್ಕ ಸರಿಯಾಗಿಯೇ ಇದೆ, ಅದು ಹವಳ ಸಾಯುವ ಕಾರಣವಲ್ಲ, ತಾಮ್ರದ ಪಾತ್ರೆ ಏನಾದರೂ ಮುಟ್ಟಿಸಿದ್ದೀರಾ ನೋಡಿ ಎಂದಿದ್ದ. ಅಂದರೆ ನನ್ನ ಅಂಕಿಗಳನ್ನು ನೀವೇ ಅವನಿಗೆ ಬರೆದು ಕಳಿಸಿದ್ದಿರಿ. ಲೋಕಕ್ಕೆಲ್ಲ ತಪ್ಪು ಎಂದು ಸಾರಿದ ಅಂಕಿಗಳನ್ನು! ಅವನು ಸರಿ ಎಂದ. ನೀವು ನಂಬಿದಿರಿ, ಹಂಡೆ ನಿಲ್ಲಿಸಿದಿರಿ, ಹವಳ ಅರಳಿದ್ದನ್ನು ಕಣ್ಣಾರೆ ಕಂಡಿರಿ. ಎರಡು ತಿಂಗಳು ಮಾವ! ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿರಲಿಲ್ಲವೇ? ಮನೆಯಲ್ಲಿ ಫೋನಿರಲಿಲ್ಲವೇ? ರುದ್ರಪ್ಪನವರಿಗೆ ಒಂದು ಮಾತು ಹೇಳಿದ್ದರೆ ನಿಮ್ಮ ಯಾವ ಗಂಟು ಹೋಗುತ್ತಿತ್ತು? ಸರಿ, ನಾಚಿಕೆಯಾಯಿತು, ಬಾಯಿ ಬರಲಿಲ್ಲ ಅನ್ನೋಣ. ಹಾಗಿದ್ದರೆ ಸುಮ್ಮನಾದರೂ ಸಾಯಬಹುದಿತ್ತಲ್ಲ. ನನ್ನನ್ನು ಕರೆಸಿ, ಕೈ ಹಿಡಿದು, ಜನರ ಎದುರು...? ಆ ಕೈ ಹಿಡಿದದ್ದು ಯಾತಕ್ಕೆ? ಬೇರೇನೋ ಹೇಳಲು ಹೋಗಿ ಅದು ಬಂತೇ? ಅಥವಾ ದೊಡ್ಡ ಮನಸ್ಸಿನವರಾಗಿಯೇ ಹೋಗಬೇಕಿತ್ತೇ? ತಿಂಗಳಿಂದ ಇದನ್ನೇ ಯೋಚಿಸುತ್ತಿದ್ದೇನೆ, ನಿಮ್ಮ ಕಡೆಯಿಂದಲೂ ಯೋಚಿಸಿದ್ದೇನೆ. ನನಗೆ ಒಂದು ಉತ್ತರವೂ ಹೊಂದುತ್ತಿಲ್ಲ.

ನಿನ್ನೆ ನಿಮ್ಮ ವರ್ಷದ ಪುಣ್ಯಸ್ಮರಣೆ ಆಯಿತು. ಅದರ ಸುದ್ದಿ ನಿಮಗೆ ಹೇಳಬೇಕಾದವಳು ನಾನೇ. ಅಯ್ಯನವರು ಪೂಜೆ ಮುಗಿಸಿದರು, ಪ್ರಸಾದ ಆಯಿತು, ಅವತ್ತು ಮಂಚದ ಸುತ್ತ ಇದ್ದವರೆಲ್ಲ ಹಾಲಿನಲ್ಲಿ ಕೂತು ನಿಮ್ಮ ಗುಣಗಾನ ಶುರು ಮಾಡಿದರು. ನಿಮ್ಮ ದೊಡ್ಡಮ್ಮ ಮತ್ತೆ ಅದೇ ಕತೆ ತೆಗೆದರು, "ಸಾಯೋ ಹೊತ್ತಿನಾಗೂ ಈ ಹುಡುಗೀನ ಕ್ಷಮಿಸಿ ಹೋದ ನಮ್ಮಪ್ಪ." ನಾನು ಎದ್ದು ನಿಂತೆ. ಅವ್ವ ಸೆರಗು ಜಗ್ಗಿದಳು, ಬಿಡಿಸಿಕೊಂಡೆ. ಹಂಡೆಯದು ಹೇಳಿದೆ, ಹಳದಿ ನೀರಿನದು ಹೇಳಿದೆ, ಬಾಂಬೆಯ ಕಾಗದವನ್ನು ಓದಿದೆ, ಅದರ ತಾರೀಖನ್ನು ಎರಡು ಸಲ ಓದಿದೆ. ಯಾರೋ "ಹೋದೋರ ಸುದ್ದಿ ಈಗ್ಯಾಕ ತಗೀತೀ" ಅಂದರು. ಆಗ ಅತ್ತೆ ಅಡುಗೆಮನೆಯಿಂದ ಬಂದು ನನ್ನ ಪಕ್ಕದಲ್ಲಿ ನಿಂತರು. "ಹಂಡೆ ತಿಕ್ಕಿದ್ದು ಈ ಕೈ. ಇಳಿಸಿ ಕೊಟ್ಟಿದ್ದು ಅವರು. ಆಕೆ ಹೇಳಿದ್ದೆಲ್ಲಾ ನಿಜ ಐತೆ, ಕೇಳ್ರಿ" ಅಂದರು. ರುದ್ರಪ್ಪನವರು ಕಾಗದ ಇಸಕೊಂಡು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಹೋಗುವಾಗ ಚಪ್ಪಲಿ ಮೆಟ್ಟುತ್ತಾ, ನನ್ನ ಮುಖ ನೋಡದೆ, "ಸೋಮವಾರ ಒಳಗೇ ಬಂದುಬಿಡವ್ವ" ಅಂದರು.

ಎಲ್ಲರೂ ಹೋದ ಮೇಲೆ ಅತ್ತೆ, ನಾನು ಪಾತ್ರೆ ಒರೆಸಿ ಇಡುತ್ತಿದ್ದೆವು. ಅತ್ತೆ ಕೇಳಿದರು, "ಎಲ್ಲಾ ಹೇಳಿಬಿಟ್ಟೆಲ್ಲ, ಮನಸು ಹಗುರಾತೇನು? ಇನ್ನಾದರೂ ಅವರನ್ನ ಕ್ಷಮಿಸಿದೆಯಾ?" ಹೂಂ ಅಂದುಬಿಡುವುದು ಎಷ್ಟು ಸುಲಭವಿತ್ತು ಗೊತ್ತಾ? ಅವರು ಆ ಒಂದು ಮಾತಿಗಾಗಿಯೇ ಕಾಯುತ್ತಿದ್ದರು, ಕೈಯಲ್ಲಿ ತಟ್ಟೆ ಹಿಡಿದುಕೊಂಡು. ಆದರೆ ಈ ಮನೆಯಲ್ಲಿ ಇನ್ನೊಂದು ಸುಳ್ಳು ಲೆಕ್ಕ, ಅದೂ ನನ್ನ ಬಾಯಿಂದ, ಬರಬಾರದು ಅನ್ನಿಸಿತು.

"ಇಲ್ಲ ಅತ್ತೆ" ಅಂದೆ.

ನಿಮ್ಮ ಶೈಲಿ